ಖರಾಬು ಎಂದು ಬರೆದ ನೆಲ

ಇದನ್ನು ಹೇಳಲು ನಾನು ತಕ್ಕವನಲ್ಲ. ಸತ್ತ ಕೂಸುಗಳ ವಿಷಯ. ಒಂದು ಮಾತು ಹೆಚ್ಚುಕಡಿಮೆಯಾದರೂ ಪಾಪ ತಟ್ಟೀತೆಂಬ ಅಳುಕಿದೆ. ಕೇಳಿದಷ್ಟನ್ನೇ ಬರೆಯುತ್ತೇನೆ. ತಪ್ಪಿದ್ದರೆ ಮನ್ನಿಸಬೇಕು.

"ಅಲ್ಲಿಗೆ ಗೂಟ ಹೊಡೀಬ್ಯಾಡಿ ಸಾಮಿ," ಎಂದ ಓಬಳಯ್ಯ. ಸರ್ವೆಯವರ ಅಳತೆಯ ಸರಪಳಿ ಹಿಡಿಯುವ ಆಳು ಅವನು; ಕೈ ಮುಂದೆ ಚಾಚಲಿಲ್ಲ. "ಲಕ್ಕಮ್ಮನ ಮೂರು ಕೂಸು ಅಲ್ಲಿ ಮಲಗವೆ. ಅವಳ ಬಾಯಿ ಸುಮ್ಕಲ್ಲ, ಮಾಟ ಬತ್ತದೆ ಅಂತಾರೆ."

ಸರ್ವೆಯರ್ ವೃಷಭೇಂದ್ರಪ್ಪ ನಕ್ಕ. ದಾವಣಗೆರೆ ಕಡೆಯವನು, ಸಿರಾಕ್ಕೆ ವರ್ಗವಾಗಿ ಬಂದು ಮೂರೇ ತಿಂಗಳು. "ಮಾಟಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ ಕಣಯ್ಯ. ಹೊಡಿ."

1978ರ ಬೇಸಿಗೆ. ತಾವರೆಕೆರೆ ಹತ್ತಿರದ ಆ ಊರಲ್ಲಿ ರಸ್ತೆ ಅಗಲ ಮಾಡಲು ಲಕ್ಕಮ್ಮನ ಹಿತ್ತಲಿನ ಹನ್ನೆರಡು ಅಡಿ ಹೋಗುವುದಿತ್ತು. ನಿಂಬೆಗಿಡಕ್ಕೆ, ಬಚ್ಚಲ ಕಲ್ಲಿಗೆ, ಮಣ್ಣಿನ ಗೋಡೆಗೆ ಅವನು ನ್ಯಾಯವಾಗಿಯೇ ಬೆಲೆ ಕಟ್ಟಿದ್ದ. ಉಳಿದದ್ದು ಗೋಡೆಯ ಬುಡದ ಬೋಳು ನೆಲ. ಮೂರು ಬೆಣಚುಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಇದುಕ್ಕೇನು ಬರ್ದೆ?" ಬಾಗಿಲಲ್ಲಿ ನಿಂತಿದ್ದ ಲಕ್ಕಮ್ಮ ಕೇಳಿದಳು.

"ಖರಾಬು."

"ಅಂಗಂದ್ರೆ?"

"ಯಾವುದಕ್ಕೂ ಬಾರದ ನೆಲ. ಪರಿಹಾರ ಬರಲ್ಲಮ್ಮ."

"ದುಡ್ಡು ಬ್ಯಾಡ ಬುಡು. ಮಕ್ಕಳು ಮಲಗವೆ ಅಂತ ಬರಿ. ಅಷ್ಟೇ ಸಾಕು."

"ಅದಕ್ಕೂ ಕಾಲಂ ಇಲ್ಲ."

ಲಕ್ಕಮ್ಮ ಕಲ್ಲುಗಳ ನಡುವಿನಿಂದ ಒಂದು ಹಿಡಿ ಮಣ್ಣೆತ್ತಿ, ತೆರೆದಿದ್ದ ಅವನ ಪುಸ್ತಕದ ಮೇಲೆ ಸುರಿದಳು. "ಖರಾಬು ತಾನೆ? ನಿನ್ನ ಮನೆಗೇ ತಗಂಡೋಗು."

ದನಿಯಲ್ಲಿ ಸಿಟ್ಟಿರಲಿಲ್ಲ. ಓಬಳಯ್ಯ ಹಿಂದೆ ಸರಿದ. ವೃಷಭೇಂದ್ರಪ್ಪ ಪುಸ್ತಕವನ್ನು ಹಾಗೆಯೇ ಮುಚ್ಚಿ ಕಂಕುಳಿಗಿಟ್ಟುಕೊಂಡ. ದಾರಿಯುದ್ದಕ್ಕೂ ಅದರಿಂದ ಮಣ್ಣಿನದಲ್ಲ, ಹುಳಿತ ಹಾಲಿನ ವಾಸನೆ ಬರುತ್ತಿತ್ತು.

ಅವನ ಹೆಂಡತಿ ರಾಜಲಕ್ಷ್ಮಮ್ಮನಿಗೆ ಎಂಟು ತಿಂಗಳು ತುಂಬಿತ್ತು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು. ಮರುದಿನ ಮಧ್ಯಾಹ್ನ ಸಿರಾದ ಮೇಲೆ ಕೆಂಧೂಳಿನ ಗಾಳಿ ಎದ್ದಿತು. ಅವನು ಮನೆಗೆ ಬಂದಾಗ ಒಳಗೆಲ್ಲ ಮಬ್ಬುಗತ್ತಲೆ. ಅಡಿಗೆಮನೆಯ ಮೂಲೆಯಲ್ಲಿ ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಕರಕರ ಸದ್ದು.

"ಏನು ತಿಂತಿದ್ದೀ?"

ತಿರುಗಿದಳು. ತುಟಿಯ ತುಂಬ ಕೆಮ್ಮಣ್ಣು. ಮಡಿಲಲ್ಲಿ ಅವನು ಬೆಳಿಗ್ಗೆ ಮನೆಯಲ್ಲೇ ಬಿಟ್ಟುಹೋಗಿದ್ದ ಅಳತೆಯ ಪುಸ್ತಕ, ತೆರೆದಿತ್ತು.

"ಮಣ್ಣಿನ ಬಯಕೆ ಕಣ್ರೀ. ಇದು ಎಷ್ಟು ಸಿಹಿ ಗೊತ್ತಾ? ಹಾಲಿನ ಹಾಗೆ."

ಕಸಿದುಕೊಂಡ. ಹಾಳೆ ನೆಕ್ಕಿದಂತೆ ಒದ್ದೆ. ಖರಾಬು ಎಂಬ ಪದವೊಂದೇ ಅಳಿಯದೆ ಉಳಿದಿತ್ತು. ಆಗ ಅಳು ಕೇಳಿಸಿತು. ಎಳೆಗೂಸಿನ ಅಳು. ಒಂದಲ್ಲ. ಇನ್ನೊಂದು. ಮತ್ತೊಂದು. ನೆಲದಿಂದಲೋ? ಪುಸ್ತಕದಿಂದಲೋ? ಅವಳ ಹೊಟ್ಟೆಗೆ ಕಿವಿ ಇಟ್ಟ. ಅಳು ನಿಂತಿತು. ಎಲ್ಲವೂ ನಿಂತಿತು. ಒಳಗೂ.

ಮೂರನೆಯ ದಿನ ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ.

ಪರಊರಲ್ಲಿ ಅವನಿಗೆ ಸ್ವಂತದ್ದೆಂದು ಅಂಗೈಯಗಲ ನೆಲವೂ ಇರಲಿಲ್ಲ. ಕೂಸನ್ನು ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿಕೊಂಡು, ಹೊತ್ತು ಇಳಿಯುವ ಮೊದಲು ಲಕ್ಕಮ್ಮನ ಹಿತ್ತಲಿಗೆ ಬಂದ.

"ಏನು ಮಾಡಿಬಿಟ್ಟೆಯಮ್ಮ?"

"ನಂಗ್ಯಾವ ಮಾಟ ಬತ್ತದೆ ಕಣಪ್ಪ? ಒಟ್ಟೆ ಉರೀತು, ಅಂದೆ. ಇಂಗಾಗ್ಲಿ ಅಂತ ಅನ್ನಲಿಲ್ಲ." ಗಂಟನ್ನು ನೋಡಿ ಅವಳು ಅಲ್ಲೇ ಕುಸಿದಳು. ಅವನಿಗಿಂತ ಮೊದಲು ಅತ್ತವಳು ಅವಳೇ.

ಆಮೇಲೆ ಎದ್ದು ಗುದ್ದಲಿ ತಂದಳು. ಗೂಟಗಳಿಂದ ಈಚೆ, ಮನೆಗೆ ಹತ್ತಿರದಲ್ಲಿ ತಾನೇ ಅಗೆದಳು. "ನನ್ನವು ರೋಡಿನಡೀಗೆ ಓಗ್ತವೆ. ಇಲ್ಲಿಗೆ ರೋಡು ಬರಾಕಿಲ್ಲ. ನಿನ್ನ ಮಗಳು ಇಲ್ಲಿರ್ಲಿ." ತನ್ನ ಮೂರು ಬೆಣಚುಕಲ್ಲಿನಲ್ಲಿ ಒಂದನ್ನು ಕಿತ್ತು ಆ ಮಣ್ಣಿನ ಮೇಲಿಟ್ಟಳು.

"ಈ ಜಾಗಕ್ಕೆ ಏನು ಕೊಡಲಮ್ಮ?"

ಅವಳು ಕೈ ಕೊಡವಿಕೊಂಡಳು. "ಬೆಲೆ ಕಟ್ಟೋನು ನೀನು. ನೀನೇ ಯೋಳು."

ಅವನು ಮೊಣಕಾಲ ಮೇಲೆ ಪುಸ್ತಕ ತೆರೆದು ಖರಾಬು ಎಂಬುದನ್ನು ಹೊಡೆದುಹಾಕಿದ. ಅದರ ಮುಂದೆ ಪೆನ್ನು ಓಡಲಿಲ್ಲ.

ರಸ್ತೆ ಆಯಿತು. ಮಾಟವಿತ್ತೋ, ಮಣ್ಣಿನಲ್ಲೇ ಏನಾದರೂ ಇತ್ತೋ, ನನಗೆ ತಿಳಿಯದು. ಹೊಡೆದುಹಾಕಿದ ಆ ಪದದ ಜಾಗದಲ್ಲಿ ಅವನು ಕೊನೆಗೆ ಏನು ಬರೆದನೆಂಬುದೂ ಗೊತ್ತಿಲ್ಲ.