ಕೊಕ್ಕೆಯ ಮೇಲಿನ ಬಣ್ಣ

"ಆ ಅರ ಕೆಳಗಿಡಿ ಮೊದಲು."

ಅವಳ ದನಿಗೆ ಇಡೀ ಶೆಡ್ಡೇ ತಿರುಗಿ ನೋಡಿತು. ತೂಗುಹಾಕಿದ್ದ ಮಂಚಗಳ ಕೊಕ್ಕೆಗಳನ್ನು ಒಂದೊಂದಾಗಿ ಅರದಿಂದ ಉಜ್ಜುತ್ತಿದ್ದ ಹೊಸ ವೆಲ್ಡರ್ ತಬ್ಬಿಬ್ಬಾದ.

ತೊಳೆದು ಒಣಗಿಸಿದ ಮಂಚದ ಮೇಲೆ ಕಬ್ಬಿಣದ ಪುಡಿ ಉದುರಿಸುವುದೇ? ಅವಳಿಗೆ ಮೈಯೆಲ್ಲ ಉರಿಯಿತು. ಅವನು ಏನೋ ಹೇಳಲು ಬಾಯಿ ತೆರೆದ.

"ನಿಮ್ಮದು ಬೆಸುಗೆ, ಬಣ್ಣ ನನ್ನದು. ಈ ಕಡೆ ಬರಬೇಡಿ."

ಅವನು ಅರ ಕೆಳಗಿಟ್ಟು ಹೋದ. ಕಣ್ಣು ಮಾತ್ರ ಎಷ್ಟು ಶಾಂತ... ಅಂದುಕೊಂಡವಳು ತನ್ನ ಮೇಲೆ ತಾನೇ ಸಿಡುಕಿಕೊಂಡಳು.

ಸೊಕ್ಕಿನವಳೇ? ಹೌದು, ಇರಲಿ ಬಿಡಿ! ಸೋದರಮಾವನ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು ಹಟ ಹಿಡಿದು ಬಣ್ಣ ಸಿಂಪಡಿಸುವ ಗನ್ ಹಿಡಿಯಲು ಕಲಿತಿದ್ದಳು. ಮಕ್ಕಳ ಆಸ್ಪತ್ರೆಯ ಈ ಮಂಚಗಳು ಅವಳೊಬ್ಬಳೇ ಹೊತ್ತ ಮೊದಲ ಕೆಲಸ. ಇದು ಕೆಟ್ಟರೆ ಗನ್ ಕೈತಪ್ಪುತ್ತದೆ.

ಗನ್ನಿನಿಂದ ಹೊರಡುವ ಬಣ್ಣದ ಪುಡಿಯ ಕಣಕಣದಲ್ಲೂ ವಿದ್ಯುತ್ತಿನ ಚಾರ್ಜ್ ಇರುತ್ತದೆ. ಅರ್ತಿಂಗ್ ಇರುವ, ಅಂದರೆ ನೆಲಕ್ಕೆ ವಿದ್ಯುತ್ ಹರಿದುಹೋಗುವಂಥ ಕಬ್ಬಿಣ ಎದುರಾದರೆ ಸಾಕು, ತಾನಾಗಿಯೇ ಹಾರಿ ಹೋಗಿ ಅಪ್ಪಿಕೊಳ್ಳುತ್ತದೆ. ಆದರೆ ಅಂದು ಪುಡಿ ಅಪ್ಪಿಕೊಳ್ಳಲಿಲ್ಲ, ಜರ್‍ರೆಂದು ನೆಲಕ್ಕುದುರಿತು. ಪುಡಿಯನ್ನು ಕರಗಿಸಿ ಅಂಟಿಸುವ ಓವನ್ನಿನಿಂದ ಹೊರಬಂದ ಮಂಚಗಳ ಮೈತುಂಬ ಬೋಳು ಕಲೆ.

ನಾಳೆಯೂ ಹೀಗೇ ಆದರೆ ಗನ್ ಬೇರೆಯವರ ಕೈಗೆ ಎಂದು ಮಾವ ಖಡಾಖಂಡಿತವಾಗಿ ಹೇಳಿಬಿಟ್ಟರು.

ಎಲ್ಲ ಅವನ ಅರದ ಪುಡಿಯಿಂದಲೇ ಎಂದು ಅವನನ್ನು ಎಲ್ಲರೆದುರೇ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಒಬ್ಬಳೇ ನಿಂತು ಮಂಚಗಳನ್ನು ನೋಡುತ್ತ ಬಂದಳು. ನಾಲ್ಕೇ ನಾಲ್ಕು ನುಣ್ಣಗೆ ಹೊಳೆಯುತ್ತಿದ್ದವು. ಆ ನಾಲ್ಕೂ ಅವನು ಉಜ್ಜಿದ ಕೊಕ್ಕೆಗಳಲ್ಲೇ ತೂಗುತ್ತಿದ್ದವು!

ಉಳಿದ ಕೊಕ್ಕೆಗಳನ್ನು ಮುಟ್ಟಿದಳು. ಹಳೆಯ ಬಣ್ಣ ಪದರ ಪದರವಾಗಿ ಗಟ್ಟಿಯಾಗಿತ್ತು. ಕೊಕ್ಕೆಯ ಮೂಲಕ ಬರಬೇಕಾದ ಅರ್ತಿಂಗ್ ಮಂಚಕ್ಕೆ ತಲುಪಿಯೇ ಇಲ್ಲ. ಮೊದಲು ಕೂತ ಪುಡಿಯ ಚಾರ್ಜ್ ಮಂಚದಲ್ಲೇ ಉಳಿದು, ಹಿಂದೆ ಬಂದ ಪುಡಿಯನ್ನು ದೂರ ತಳ್ಳಿದೆ. ಅಯ್ಯೋ... ನಾನೆಂಥ ಕೆಲಸ ಮಾಡಿದೆ!

ಮರುದಿನ ಎಲ್ಲರೂ ಕೆಲಸಕ್ಕೆ ಸೇರಿದ ಮೇಲೆಯೇ ಅವನ ಮುಂದೆ ನಿಂತಳು.

"ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇನೇ ಹೇಳ್ತೀನಿ. ತಪ್ಪು ನಂದು. ಆದ್ರೆ ತೊಳೆದ ಮಂಚದ ಮೇಲೆ ಅರ ಆಡಿಸಿದ್ದು ನಿಮ್ಮ ತಪ್ಪು."

"ಒಪ್ಕೊಂಡೆ," ಎಂದು ಅವನು ನಕ್ಕ. ವೆಲ್ಡಿಂಗಿನ ಅರ್ತ್ ಕ್ಲಿಪ್ಪು ಬಣ್ಣವಿಲ್ಲದ ಬರಿ ಕಬ್ಬಿಣವನ್ನೇ ಕಚ್ಚಬೇಕು, ಆ ಅಭ್ಯಾಸಕ್ಕೆ ಕೈ ತಾನಾಗಿ ಅರ ಹಿಡಿಯಿತು ಎಂದ.

ಅಂದಿನಿಂದ ಕೊಕ್ಕೆ ಉಜ್ಜುವುದು ಅವನ ಪಾಲು, ಗನ್ ಅವಳ ಪಾಲು. ಕೆಟ್ಟ ಮಂಚಗಳನ್ನೂ ಉಜ್ಜಿ ಮತ್ತೆ ಬಳಿದರು. ತಿಂಗಳ ಕೊನೆಗೆ ಮಾವ ಕಡೆಯ ಮಂಚದ ಮೇಲೆ ಕೈಯಾಡಿಸಿ, ತಮ್ಮ ಕೈಯಲ್ಲೂ ಇಷ್ಟು ನುಣುಪು ಬಂದದ್ದಿಲ್ಲ ಎಂದರು. ಅವಳ ಎದೆ ಹೆಮ್ಮೆಯಿಂದ ಉಬ್ಬಿತು. ಕಣ್ಣು ಮಾತ್ರ ಮೊದಲು ಹುಡುಕಿದ್ದು ಅವನನ್ನೇ. ಅವನು ತನಗೇ ಬಹುಮಾನ ಬಂದಂತೆ ಬೀಗುತ್ತ ನಿಂತಿದ್ದ.

ಎಲ್ಲರೂ ಚದುರಿದ ಮೇಲೆ ಅವಳೇ ಹತ್ತಿರ ಹೋದಳು.

"ನಂಗೆ ಸೊಕ್ಕು ಅಂತಾರೆ. ಅದು ಕಡಿಮೆ ಆಗಲ್ಲ, ಈಗಲೇ ಹೇಳಿರ್ತೀನಿ."

"ಆಗೋದೂ ಬೇಡ. ನೀವಂದ್ರೆ ನಂಗೆ ಇಷ್ಟ... ಆ ಸೊಕ್ಕಿನ ಸಮೇತ."

ಅವಳ ಕಣ್ಣು ತುಂಬಿ ಬಂತು. ತಲೆ ಮಾತ್ರ ಎತ್ತಿಯೇ ಇತ್ತು.

"ಹಾಗಾದ್ರೆ ನಡೀರಿ. ಮಾವನಿಗೆ ನಾನೇ ಹೇಳ್ತೀನಿ."

"ನಾನೇನು ಹೇಳ್ಲಿ?"

"ಏನೂ ಬೇಡ. ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು."