ಗುಬ್ಬಿ ಓದದೆ ಬಿಟ್ಟ ಸಾಲು

“ಅಕ್ಕಾ, ತುರುಪಿನ ಎಲೆ ಅಂದ್ರೆ ಏನೇ?”

ಜಿಂಕೆಯ ಚಿಕ್ಕಪ್ಪನ ಮಗಳು ಗುಬ್ಬಿ ನೋಟ್‌ಬುಕ್ ಹಿಡಿದು ನಿಂತಿದ್ದಳು. ನಾಳೆ ಸ್ಕೂಲಿನ ಫುಟ್‌ಬಾಲ್ ಫೈನಲ್‌ಗೆ ಕಾಮೆಂಟರಿ ಅವಳದೇ. ಟಿ.ವಿ.ಯಲ್ಲಿ ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು: ಎಲ್ಲವನ್ನೂ ಪಣಕ್ಕಿಟ್ಟು, ದಾಳ ಉರುಳಿತು, ಕಪ್ಪು ಕುದುರೆ...

ಜಿಂಕೆ ತಲೆ ಎತ್ತಲಿಲ್ಲ. ಕಾಮೆಂಟರಿಗೆ ಅವಳೂ ಹೆಸರು ಕೊಟ್ಟಿದ್ದಳು. ಪಿ.ಟಿ. ಮಿಸ್ ಗುಬ್ಬಿಯನ್ನು ಆರಿಸಿದರು. ಅವತ್ತಿನಿಂದ ಮನೆಯಲ್ಲಿ ಗುಬ್ಬಿಯದೇ ಜಪ. “ಗಂಟಲು ಜೋಪಾನ ಕಂದಾ” ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಟೀಮಿನಲ್ಲಿ ಬರೀ ಸಬ್‌ಸ್ಟಿಟ್ಯೂಟ್ ಆಗಿದ್ದ ಜಿಂಕೆಗೆ ಕಾಲು ಜೋಪಾನ ಎಂದು ಯಾರೂ ಹೇಳಲಿಲ್ಲ. ಹೊಟ್ಟೆಕಿಚ್ಚು ನಿಜಕ್ಕೂ ಹೊಟ್ಟೆಯೊಳಗೇ ಉರಿಯುತ್ತದೆ ಎಂದು ಅವಳಿಗೆ ಆ ವಾರ ಗೊತ್ತಾಗಿತ್ತು.

ಇಸ್ಪೀಟಿನಲ್ಲಿ ತುರುಪಿನ ಎಲೆ ಬಿದ್ದರೆ ಬೇರೆ ಎಲೆಗಳೆಲ್ಲ ಸೋತಂತೆ ಎಂದು ಅಜ್ಜ ಅವಳಿಗೆ ಹೇಳಿಕೊಟ್ಟಿದ್ದರು.

“ಉದುರಿಬಿದ್ದ ಎಲೆ ಕಣೇ,” ಎಂದಳು ಜಿಂಕೆ. “ಕೆಲಸಕ್ಕೆ ಬಾರದ ಪ್ಲೇಯರ್‌ಗೆ ಹಾಗಂತಾರೆ.”

“ಅಯ್ಯೋ ಪಾಪ!” ಗುಬ್ಬಿ ಬರೆದುಕೊಂಡಳು.

ಮರುದಿನ ಆಟ ಒಂದು–ಒಂದರಲ್ಲಿ ಸಮವಾಗಿತ್ತು. ಎಂಟೇ ನಿಮಿಷ ಉಳಿದಿದ್ದಾಗ ಮಿಸ್ ಜಿಂಕೆಯನ್ನು ಆಟಕ್ಕೆ ಇಳಿಯಲು ಕರೆದರು. ಒಂದು ಚೀಟಿ ಗೀಚಿ ಗುಬ್ಬಿಗೆ ಕಳಿಸಿದರು.

“ಈಗ... ಈಗ... ಹನ್ನೆರಡನೇ ನಂಬರ್,” ಎಂದು ಮೈಕು ತಡವರಿಸಿ ಸುಮ್ಮನಾಯಿತು.

ಗೋಲ್‌ಕೀಪರ್‌ಗೆ ಗುಬ್ಬಿ ‘ಕಲ್ಲಿನ ಗೋಡೆ’ ಎಂದಿದ್ದಳು, ತನಗೆ ಬರೀ ನಂಬರ್! ಜಿಂಕೆ ಹಲ್ಲು ಕಚ್ಚಿ ಓಡಿದಳು. ಕೊನೇ ನಿಮಿಷದಲ್ಲಿ ಅವಳು ಕೊಟ್ಟ ಪಾಸ್ ಗೋಲಾಯಿತು. ಟೀಮ್ ಗೆದ್ದಿತು. ಜಿಂಕೆ ನೇರ ಗುಬ್ಬಿಯ ಹತ್ತಿರ ಹೋದಳು.

“ನನ್ನ ಬಗ್ಗೆ ಒಂದು ಮಾತಾಡೋಕೆ ಬಾಯಿಗೆ ಬೀಗ ಬಿದ್ದಿತ್ತಾ?”

ಗುಬ್ಬಿ ಮುದುರಿದ್ದ ಚೀಟಿ ಬಿಡಿಸಿದಳು. ‘ನಮ್ಮ ತುರುಪಿನ ಎಲೆ ಬರ್ತಿದ್ದಾಳೆ ಅಂತ ಹೇಳು.’

“ಮಿಸ್ ಯಾಕೆ ಹೀಗೆ ಬರೆದ್ರೋ. ಎಲ್ಲರ ಮುಂದೆ ನಿನ್ನನ್ನ ಕೆಲಸಕ್ಕೆ ಬಾರದವಳು ಅಂತೀನಾ ಅಕ್ಕಾ? ಬೈದ್ರೆ ಬೈಲಿ ಅಂತ ಬಿಟ್ಬಿಟ್ಟೆ.”

ಅಷ್ಟರಲ್ಲಿ ಮಿಸ್ ಬಂದರು. “ನಾನು ಬರೆದದ್ದು ಯಾಕೆ ಓದ್ಲಿಲ್ಲ?”

ಗುಬ್ಬಿ ಜಿಂಕೆಯ ಬೆನ್ನ ಹಿಂದೆ ಸರಿದಳು.

“ಅವಳ ತಪ್ಪಲ್ಲ ಮಿಸ್,” ಎಂದಳು ಜಿಂಕೆ. “ನಾನೇ ಅರ್ಥ ತಪ್ಪು ಹೇಳಿದ್ದೆ. ಬೇಕೂಂತಲೇ.”

ಮಿಸ್ ಇಬ್ಬರನ್ನೂ ನೋಡಿದರು. ಟೀಮಿನ ಕಡೆ ಹೋದರು.

“ಸರಿಯಾದ ಅರ್ಥ ಏನು?” ಗುಬ್ಬಿ ಮೆಲ್ಲಗೆ ಕೇಳಿದಳು.

ಜಿಂಕೆ ಹೇಳಿದಳು.

ಗುಬ್ಬಿಯ ಕಣ್ಣು ತುಂಬಿತು. “ಛೆ! ನಾನದನ್ನ ಜೋರಾಗಿ ಹೇಳಬೇಕಿತ್ತು ಅಕ್ಕಾ.”

ಜಿಂಕೆಗೆ ಮುಖ ಎತ್ತಲಾಗಲಿಲ್ಲ. ಗುಬ್ಬಿ ಬೈದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.