ಸಾಲಿನ ಬಾಲದಲ್ಲಿ ವಿದಾದ್

"ನೀನು ಬಾಲದಲ್ಲಿ ನಿಂತ್ಕೋಬೇಕಂತೆ," ಅಂದಳು ಅಜ್ಜಿ, ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಾ. "ನಾಳೆ ಮದುವೇಲಿ. ಶಾಹೀನ್ ಹೇಳಿ ಕಳಿಸಿದಾನೆ."

ವಿದಾದ್ ದ್ರಾಕ್ಷಿ ಎಲೆಯೊಳಗೆ ಅಕ್ಕಿ ಇಟ್ಟು ಸುರುಳಿ ಸುತ್ತುತ್ತಿದ್ದಳು. ಎಲೆ ಹರಿಯಿತು.

"ಯಾವ ಬಾಲ?"

"ದಬ್ಕೆ ಸಾಲಿನ ಬಾಲ ಕಣೇ. ಕತ್ತೆ ಬಾಲ ಅಲ್ಲ."

ಬೆಕಾ ಬಯಲಿನ ಆ ಹಳ್ಳಿಯಲ್ಲಿ ದಬ್ಕೆ ಕುಣಿಯುವವರು ಕೈಗೆ ಕೈ ಹೆಣೆದು ಸಾಲಾಗಿ ನಿಂತು, ತಾಳಕ್ಕೆ ಸರಿಯಾಗಿ ಕಾಲಿಂದ ನೆಲ ಗುದ್ದುತ್ತಾರೆ. ಸಾಲಿನ ತಲೆಯಲ್ಲಿ ಶಾಹೀನ್, ಬಲಗೈಯಲ್ಲಿ ಕರವಸ್ತ್ರ ತಿರುಗಿಸುತ್ತಾ. ಅವನ ಎಡಗೈ ಹಿಡಿದವಳು ವಿದಾದ್. ಅವನು ಕುಕ್ಕರಗಾಲಲ್ಲಿ ಕೂತು ಚಿಮ್ಮಿ ಏಳುವಾಗ ಮೈಭಾರವೆಲ್ಲ ಅವಳ ತೋಳಿನ ಮೇಲೆ. ಆ ಭಾರ ಅವಳಿಗೆ ಭಾರ ಅನ್ನಿಸಿದ್ದೇ ಇಲ್ಲ.

ಬಾಲದಲ್ಲಿ ನಿಲ್ಲುವವರು ಮುದುಕಿಯರು, ಮಕ್ಕಳು, ಹೆಜ್ಜೆ ಬಾರದ ನೆಂಟರು. ಕಟ್ಟಕಡೆಯವರ ಒಂದು ಕೈ ಯಾವಾಗಲೂ ಖಾಲಿ, ತಡವಾಗಿ ಬಂದವರು ಹಿಡಿದುಕೊಳ್ಳಲಿ ಅಂತ. ತಲೆ ಬಾಲ ಜೋಡಿಸಿ ಸಾಲನ್ನು ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಇನ್ನು ಬೇರೆ ಯಾರಿಗೂ ಜಾಗವಿಲ್ಲ ಅಂದ ಹಾಗೆ. ಅದನ್ನು ಯಾರೂ ಸುಮ್ಮನೆ ಮಾಡುವುದಿಲ್ಲ.

ಜರ್ದಾಳು ಹಣ್ಣಾಗುವ ಕಾಲದಲ್ಲಿ ವಿದಾದಳ ಎಡಗಾಲು ಸಡಿಲ ಕಲ್ಲಿನ ಮೇಲೆ ಉಳುಕಿತು. ಅಷ್ಟಕ್ಕೇ ಇದ್ದಿದ್ದರೆ ವಾಸಿಯಾಗುತ್ತಿತ್ತು. ಆದರೆ ಅವಳ ಜಾಗದಲ್ಲಿ ಬೇಕರಿಯವರ ಮಗಳು ಲಮೀಸ್ ನಿಂತಳು ಅಂತ ಕಿವಿಗೆ ಬಿತ್ತು. ಊತ ಇಳಿಯುವ ಮೊದಲೇ ಪಟ್ಟಿ ಬಿಚ್ಚಿ ಹೋಗಿ, ಒಂದು ನಿಶ್ಚಿತಾರ್ಥದಲ್ಲಿ ಹಲ್ಲು ಕಚ್ಚಿ ಕುಣಿದಳು. ಆವತ್ತಿನಿಂದ ನೋವು ಕಾಲಲ್ಲಿ ಮನೆ ಮಾಡಿಕೊಂಡಿತು. ಬೆಳಗ್ಗೆ ಎದ್ದರೆ ಹಿಡಿತ, ಮೆಟ್ಟಿಲಿಳಿದರೆ ಚುಚ್ಚು.

ಶಾಹೀನನೇ ಪಿಕಪ್ಪಿನಲ್ಲಿ ಪೇಟೆಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದಿದ್ದ. "ಮೂಳೆ ಸರಿಯಾಗಿದೆ, ಕೀಲಿನ ನಾರು ಸೋತಿದೆ," ಅಂದಿದ್ದರು ಆಕೆ. "ವ್ಯಾಯಾಮ ತಪ್ಪಿಸಬೇಡ. ಮೆಲ್ಲಗೆ ಕುಣಿ. ಆದರೆ ನೆಲ ಗುದ್ದಬೇಡ."

"ಗುದ್ದದೇ ಇರೋದು ಎಂಥ ದಬ್ಕೆ?" ಅಂದಿದ್ದಳು ವಿದಾದ್. ಶಾಹೀನ್ ದಾರಿಯುದ್ದಕ್ಕೂ ಸ್ಟೀರಿಂಗ್ ಮೇಲೆ ಬೆರಳಲ್ಲಿ ಏನೋ ತಾಳ ಹಾಕುತ್ತಿದ್ದ.

ಆಮೇಲೆ ದಿನಾ ಸಂಜೆ ಬೇಕರಿಯ ಹಿಂದಿನ ಅಂಗಳದಲ್ಲಿ ಅವನೂ ಲಮೀಸಳೂ. ವಿದಾದ್ ರೊಟ್ಟಿಯ ನೆಪ ಮಾಡಿಕೊಂಡು ಕುಂಟುತ್ತಾ ಹೋಗಿ ಗೋಡೆ ಸಂದಿಯಲ್ಲಿ ನೋಡಿದಳು. ವಿದಾದಳಿಗೆ ಯಾವತ್ತೂ ತೋರಿಸದ ಹೊಸ ಹೆಜ್ಜೆಯೊಂದನ್ನು ಅವನು ಲಮೀಸಳಿಗೆ ಹೇಳಿಕೊಡುತ್ತಿದ್ದ. ಲಮೀಸ್ ತಪ್ಪಿದಳು, ನಕ್ಕಳು. ಅವನೂ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಬೀಳುವ ಗುಳಿ ತನ್ನೊಬ್ಬಳ ಸ್ವತ್ತು ಅಂತ ವಿದಾದ್ ಅಂದುಕೊಂಡಿದ್ದಳು.

ರೊಟ್ಟಿ ಕೊಳ್ಳದೇ ಮನೆಗೆ ಬಂದಳು.

ಈಗ ಬಾಲವಂತೆ. ಎದ್ದವಳೇ ದ್ರಾಕ್ಷಿ ತೋಟದ ಬದುವಿಗೆ ನಡೆದಳು. ಶಾಹೀನ್ ಬುಟ್ಟಿಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದ.

"ಕಾಲು ಹೇಗಿದೆ?"

"ಬಾಲದಲ್ಲಿ ನಿಲ್ಲೋಕೆ ಸಾಕು."

ಅವನು ಬುಟ್ಟಿ ಇಳಿಸಿ ಅವಳ ಮುಖ ನೋಡಿದ. "ಸಿಟ್ಟಾ?"

"ನಂಗ್ಯಾಕೆ ಸಿಟ್ಟು? ಲಮೀಸ್ ಕೈ ಮೆತ್ತಗಿರಬೇಕು, ದಿನಾ ಹಿಟ್ಟು ನಾದೋ ಕೈ."

"ಬೆವರುತ್ತೆ."

"ಓಹೋ, ಅಷ್ಟು ಗೊತ್ತು."

"ಹಿಡ್ಕೊಂಡ್ರೆ ಗೊತ್ತಾಗಲ್ವಾ?"

"ಹಿಡ್ಕೋ. ಚೆನ್ನಾಗಿ ಹಿಡ್ಕೋ."

ತಿರುಗಿ ನಡೆಯುವಾಗ ಕುಂಟಬಾರದು ಅಂತ ನೋಡಿದಳು. ಕಾಲು ಕೇಳಲಿಲ್ಲ.

"ವಿದಾದ್, ನಾಳೆ ಬಾ," ಅಂದ ಹಿಂದಿನಿಂದ. "ಇಷ್ಟೇ ನಾನು ಕೇಳೋದು."

"ನಾನು ಹೋಗಲ್ಲ," ಅಂದಳು ಮನೆಗೆ ಬಂದು ಅಜ್ಜಿಗೆ.

"ಬೇಡ ಬಿಡು. ಅವಳು ಅವನ ಕೈ ಹಿಡ್ಕೊಂಡು ಕುಣೀತಾಳೆ, ನೀನು ಇಲ್ಲಿ ಬೆಕ್ಕಿನ ಜೊತೆ ಕೂತಿರು."

ವಿದಾದ್ ಎದ್ದು ತನ್ನ ಕೆಂಪು ಅಂಚಿನ ಉಡುಪು ಇಸ್ತ್ರಿ ಮಾಡಿದಳು.

ಮದುವೆ ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ವಿದಾದ್ ಬಾಲದಲ್ಲಿ ನಿಂತಳು, ಬಲಗೈ ಅಜ್ಜಿಯ ಕೈಯಲ್ಲಿ, ಎಡಗೈ ಖಾಲಿ. ಅತ್ತ ತಲೆಯಲ್ಲಿ ಶಾಹೀನ್, ಅವನ ಪಕ್ಕ ಲಮೀಸ್, ಕಿವಿಯಲ್ಲಿ ಉದ್ದನೆಯ ಓಲೆ. ಎದೆಯೊಳಗೆ ಯಾರೋ ನಿಂಬೆಹಣ್ಣು ಹಿಂಡಿದ ಹಾಗಾಯಿತು ವಿದಾದಳಿಗೆ.

ಡೋಲು ಶುರುವಾಯಿತು. ಗುದ್ದುವ ಹೆಜ್ಜೆ ಬಂತು. ವಿದಾದ್ ಕಣ್ಣು ಮುಚ್ಚಿ ನೋವಿಗೆ ಸಿದ್ಧಳಾದಳು.

ಯಾರೂ ಗುದ್ದಲಿಲ್ಲ. ಇಡೀ ಸಾಲು ಎಡಗಾಲ ತುದಿಯಲ್ಲಿ ನೆಲವನ್ನು ಮುಟ್ಟಿತು, ಅಷ್ಟೇ. ಗುದ್ದಿನ ಸದ್ದನ್ನು ಡೋಲು ಮಾಡಿತು. ಮತ್ತೆ ಬಂತು ಆ ಹೆಜ್ಜೆ. ಮತ್ತೆ ಪಾದಗಳೆಲ್ಲ ಮೆತ್ತಗೆ, ಡೋಲು ಒಂದೇ ಗಟ್ಟಿಯಾಗಿ.

"ಏನಿದು, ಕಾಲಿಗೆ ಹತ್ತಿ ಕಟ್ಕೊಂಡಿದೀರಾ?" ಅಂತ ಮುದುಕನೊಬ್ಬ ಕುರ್ಚಿಯಿಂದ ಕಿಚಾಯಿಸಿದ.

"ನಿಂಗೆ ಗೊತ್ತಿರಲಿಲ್ವೇನೇ?" ಅಂದಳು ಅಜ್ಜಿ. "ಲಮೀಸ್ ಮನೆಮನೆಗೂ ಹೋಗಿ ಕಲಿಸಿದಾಳೆ. ನನಗೂ. ನಿನ್ನ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ದ ಆ ಹುಡುಗ."

ವಿದಾದಳ ಎಡಗಾಲು ನೆಲ ಮುಟ್ಟಿತು. ಸಣ್ಣಗೆ ನೊಂದಿತು, ಆದರೆ ಕುಣಿಯಿತು.

ಆಗ ಸಾಲು ಬಾಗತೊಡಗಿತು. ಶಾಹೀನ್ ಸಾಲಿನ ತಲೆಯನ್ನು ಅಂಗಳದ ಸುತ್ತ ತಿರುಗಿಸಿಕೊಂಡು ಬಾಲದ ಕಡೆಗೇ ಬರುತ್ತಿದ್ದ. ಹಾಡುವವನ ದನಿ ತಡವರಿಸಿತು. ಹೆಂಗಸರು ಪಿಸುಗುಟ್ಟಿದರು. ಅವನು ತಿರುಗಿಸುತ್ತಿದ್ದ ಕರವಸ್ತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು, ಖಾಲಿಯಾದ ಬಲಗೈಯಲ್ಲಿ ವಿದಾದಳ ಖಾಲಿ ಎಡಗೈ ಹಿಡಿದ.

ಸಾಲು ಮುಚ್ಚಿತು.

ಅಜ್ಜಿ ನಾಲಿಗೆ ಹೊರಳಿಸಿ ಮಂಗಳದ ಉಲಿ ತೆಗೆದಳು. ಅಂಗಳದ ಹೆಂಗಸರೆಲ್ಲ ಅದಕ್ಕೆ ದನಿಗೂಡಿಸಿದರು. ಆಚೆಯಿಂದ ಲಮೀಸ್ ಬಗ್ಗಿ ನೋಡಿ, "ಅಮ್ಮಾ ತಾಯಿ, ನಾಳೆಯಿಂದ ಇವನನ್ನ ನೀನೇ ಸಂಭಾಳಿಸು," ಅಂದಳು. "ನನ್ನ ತೋಳು ಬಿದ್ದುಹೋಗಿದೆ."

ವಿದಾದ್ ಅವನ ಕಡೆ ವಾರೆನೋಟ ಬೀರಿದಳು. ಕರವಸ್ತ್ರ ಕಚ್ಚಿದ್ದರೂ ಎಡಗೆನ್ನೆಯ ಗುಳಿ ಅಡಗಿರಲಿಲ್ಲ.

"ಹಾಗಾದ್ರೆ ಹೇಳು," ಅಂದಳು ಮೆಲ್ಲಗೆ, ಹೆಜ್ಜೆ ತಪ್ಪದ ಹಾಗೆ. "ಯಾರ ಕೈ ಮೆತ್ತಗಿದೆ?"

ಬಾಯಲ್ಲಿ ಬಟ್ಟೆ ಇದ್ದವನು ಕುಕ್ಕರಗಾಲಲ್ಲಿ ಕೂತ, ಚಿಮ್ಮಿ ಎದ್ದ. ತನ್ನನ್ನು ಹಿಡಿದ ಎರಡು ಕೈಗಳ ನಡುವೆ, ಈ ಸಲ, ತನ್ನ ಮೈಭಾರವನ್ನೆಲ್ಲ ಅವಳ ಕಡೆಗೇ ಹಾಕಿದ.